ರಸ್ತೆಯೂ ದುಡಿಯುತ್ತದೆ!

ಮಕ್ಕಳೇ, ಮೊದಲು ಒಂದು ಸುಲಭದ ಲೆಕ್ಕ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಗುಂಡಿ ಬಿದ್ದ ಇಕ್ಕಟ್ಟು ರಸ್ತೆಯಲ್ಲಿ ಲಾರಿಯೊಂದು ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದರೆ ಎಷ್ಟು ಹೊತ್ತು ಬೇಕು? 16 ಗಂಟೆ. ಅಗಲವಾದ ಒಳ್ಳೆಯ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ಹೋದರೆ? 8 ಗಂಟೆ ಸಾಕು. ಲಾರಿ ಅದೇ, ಡ್ರೈವರ್ ಅವರೇ, ಹೊತ್ತ ಸರಕೂ ಅಷ್ಟೇ. ಉಳಿದ ಆ 8 ಗಂಟೆಯನ್ನು ಗಳಿಸಿಕೊಟ್ಟದ್ದು ರಸ್ತೆ! ಆ ಹೊತ್ತಿನಲ್ಲಿ ಲಾರಿ ಇನ್ನೊಂದು ಬಾಡಿಗೆಗೆ ಹೋಗಬಹುದು. ದೇಶದ ಆರ್ಥಿಕ ಬೆಳವಣಿಗೆ ಎಂಬ ದೊಡ್ಡ ಮಾತಿನೊಳಗೆ ಇಂಥ ಸಣ್ಣ ಸಣ್ಣ ಉಳಿತಾಯಗಳೇ ತುಂಬಿವೆ.

ಅಜ್ಜಿಯ ಉಗ್ರಾಣದ ಪಾಠ

ಭೂಪಟ ತೆರೆದು ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಗೆರೆ ಎಳೆದು ಜೋಡಿಸಿ. ಅದೇ 'ಸುವರ್ಣ ಚತುರ್ಭುಜ' ಹೆದ್ದಾರಿ. ಉದ್ದ 5,846 ಕಿ.ಮೀ. ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳೂ ಇದೇ ದಾರಿಯಲ್ಲಿವೆ.

ಈ ಹೆದ್ದಾರಿ ಬಂದ ಮೇಲೆ ಏನಾಯಿತು ಎಂದು ಸೌಗತೊ ದತ್ತ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಹೆದ್ದಾರಿ ಹಾದುಹೋದ ನಗರಗಳ ಕಾರ್ಖಾನೆಗಳು ತಾವು ಕೂಡಿಡುವ ಕಚ್ಚಾ ಸಾಮಗ್ರಿಯನ್ನು 6ರಿಂದ 12 ದಿನಗಳ ಕೆಲಸಕ್ಕೆ ಬೇಕಾಗುವಷ್ಟು ಕಡಿಮೆ ಮಾಡಿದ್ದವು.

ಅದರಿಂದೇನು ಲಾಭ ಅಂತೀರಾ? ನಿಮ್ಮ ಅಜ್ಜಿಯನ್ನು ಕೇಳಿ. ಅಂಗಡಿ ದೂರವಿದ್ದಾಗ ಮಳೆಗಾಲಕ್ಕೆಂದು ಅಕ್ಕಿ, ಬೇಳೆ, ಬೆಲ್ಲ ಎಲ್ಲವನ್ನೂ ಮೊದಲೇ ತಂದು ಡಬ್ಬಿ ತುಂಬಿಡಬೇಕಿತ್ತು. ಕೈಯಲ್ಲಿದ್ದ ದುಡ್ಡೆಲ್ಲ ಡಬ್ಬಿಯೊಳಗೆ! ಈಗ ಬೀದಿ ತುದಿಯಲ್ಲೇ ಅಂಗಡಿಯಿದ್ದರೆ ಬೇಕಾದಾಗ ತಂದರಾಯಿತು, ದುಡ್ಡು ಬೇರೆ ಕೆಲಸಕ್ಕೆ ಉಳಿಯುತ್ತದೆ. ಕಾರ್ಖಾನೆಯದೂ ಇದೇ ಕಥೆ. ಗೋದಾಮಿನಲ್ಲಿ ಸಿಕ್ಕಿಕೊಂಡಿದ್ದ ಹಣ ಹೊಸ ಯಂತ್ರಕ್ಕೆ, ಹೊಸ ಕೆಲಸಗಾರರ ಸಂಬಳಕ್ಕೆ ಒದಗುತ್ತದೆ.

ಊರಿನ ರಸ್ತೆ

ಹೆದ್ದಾರಿಯಷ್ಟೇ ಸಾಲದು. ನಾನು ಚಿಕ್ಕವನಿದ್ದಾಗ ನಮ್ಮೂರಿಂದ ಬಸ್ಸು ಸಿಗುವ ಜಾಗಕ್ಕೆ ನಾಲ್ಕು ಮೈಲಿ ಕೆಸರಿನ ದಾರಿ. ಮಳೆ ಹಿಡಿದರೆ ಗಾಡಿಯ ಚಕ್ರ ಅಚ್ಚುಮರದವರೆಗೆ ಹೂತುಹೋಗುತ್ತಿತ್ತು. ಬೆಳೆದ ಟೊಮೆಟೊಗೆ ಊರಿಗೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ. 'ಒಲ್ಲೆ' ಎಂದರೆ ಕೊಳೆತುಹೋಗುತ್ತಿತ್ತು. ಓದಿನಲ್ಲಿ ನನಗಿಂತ ಚುರುಕಾಗಿದ್ದ ನನ್ನಕ್ಕ ಏಳನೇ ತರಗತಿಗೇ ಶಾಲೆ ಬಿಟ್ಟಳು. ಹೈಸ್ಕೂಲು ಆ ಕೆಸರಿನ ಆಚೆಗಿತ್ತು.

2000ದ ಡಿಸೆಂಬರಿನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಇಂಥ ಹಳ್ಳಿಗಳಿಗಾಗಿಯೇ ಬಂದದ್ದು. ಬಯಲುಸೀಮೆಯಲ್ಲಿ 500 ಜನರಿರುವ, ಗುಡ್ಡಗಾಡಿನಲ್ಲಿ 250 ಜನರಿರುವ ಊರಿಗೂ ಸರ್ವಋತು ರಸ್ತೆ ಬೇಕೆಂಬುದು ಅದರ ಗುರಿ. ಈ ರಸ್ತೆಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದು ಸ್ವಾರಸ್ಯಕರ. ರಸ್ತೆಯಾದ ಮೊದಲ ಕೆಲವು ವರ್ಷಗಳಲ್ಲಿ ಹೊಲದ ಆದಾಯ ಅಷ್ಟೇನೂ ಏರಲಿಲ್ಲ. ಆದರೆ ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರು ಹೆಚ್ಚಿದರು. ಮಕ್ಕಳು ಹೆಚ್ಚು ವರ್ಷ ಶಾಲೆಯಲ್ಲಿ ಉಳಿದರು, ಪರೀಕ್ಷೆಯಲ್ಲೂ ಮುಂದೆ ಬಂದರು.

ಅಂದರೆ ರಸ್ತೆ ತಾನಾಗಿಯೇ ಸಿರಿತನ ಹೊತ್ತು ತರುವುದಿಲ್ಲ. ಅದು ಬಾಗಿಲು ತೆರೆಯುತ್ತದೆ, ಅಷ್ಟೆ. ಆಚೆಗೆ ಶಾಲೆ, ಮಾರುಕಟ್ಟೆ, ಕೆಲಸ ಇರಬೇಕು. ಹೊತ್ತಿಗೆ ಸರಿಯಾಗಿ ಬಸ್ಸೂ ಬರಬೇಕು. ರಸ್ತೆಯ ಆರೈಕೆಯನ್ನಂತೂ ಮರೆಯುವಂತಿಲ್ಲ. ಚರಂಡಿ ಕಟ್ಟಿ ನೀರು ನಿಂತರೆ ಡಾಂಬರು ಕಿತ್ತುಬರುತ್ತದೆ, ದುಡಿಯುವ ರಸ್ತೆ ಕಾಯಿಲೆ ಬೀಳುತ್ತದೆ.

ಈ ಭಾನುವಾರ ಅಜ್ಜ, ಅಜ್ಜಿಯ ಜೊತೆ ಊರ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಗ್ರಾಮ ಸಡಕ್ ರಸ್ತೆಯಾದರೆ ಬದಿಯ ಫಲಕವನ್ನು ಓದಿ. ಕಟ್ಟಿದ ಮೇಲೆ ಐದು ವರ್ಷ ಅದನ್ನು ನೋಡಿಕೊಳ್ಳುವ ಹೊಣೆ ಗುತ್ತಿಗೆದಾರರದೇ. ಗುಂಡಿ ಕಂಡರೆ ಎಣಿಸಿ ಬರೆದುಕೊಳ್ಳಿ. ಅಜ್ಜನ ಸಹಿ ಹಾಕಿಸಿ ಗ್ರಾಮಸಭೆಯಲ್ಲಿ ಕೊಡಿ.