ಅರಗಿನ ತಟ್ಟೆಯಿಂದ ಅಂಕಿಗಳಿಗೆ

ಬಾಗಲಕೋಟೆ ಜಿಲ್ಲೆಯ ಬೀಳಗಿಯವರಾದ ಅಮೀರಬಾಯಿ ಕರ್ನಾಟಕಿಯವರು 1965ರಲ್ಲಿ ನಿಧನರಾದರು. ಅವರ ಕಂಠವು ಅರಗಿನ ತಟ್ಟೆಗಳಲ್ಲಿ ಉಳಿದಿದೆ. ನಿಮಿಷಕ್ಕೆ 78 ಸುತ್ತು ತಿರುಗುವ ಈ ತಟ್ಟೆಯನ್ನು ಉಕ್ಕಿನ ಮುಳ್ಳು ಪ್ರತಿ ಸಲವೂ ಕೊಂಚ ಸವೆಸುತ್ತದೆ. ಒಮ್ಮೆ ಎಚ್ಚರದಿಂದ ನುಡಿಸಿ, ಅಂಕಿಗಳಾಗಿ ಪರಿವರ್ತಿಸಿಡುವುದೇ ಲೇಸು.

ಇದರಲ್ಲೊಂದು ಸೊಗಸಾದ ಉಪಾಯವುಂಟು. ಗಾಯನವು ತೋಡಿನಲ್ಲಿ ಅಡ್ಡ ಅಲುಗಾಟವಾಗಿ ಮಾತ್ರ ಅಡಗಿದೆ. ಧೂಳು, ಗೀರುಗಳಾದರೋ ಮುಳ್ಳನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತವೆ. ಸ್ಟೀರಿಯೋ ಪಿಕಪ್ಪು ತೋಡಿನ ಎರಡು ಗೋಡೆಗಳನ್ನೂ ಬೇರೆಬೇರೆಯಾಗಿ ಓದುವುದಷ್ಟೆ? ಆ ಎರಡು ವಾಹಿನಿಗಳನ್ನು ಕೂಡಿಸಿದರೆ ಅಡ್ಡ ಚಲನೆಯು ಇಮ್ಮಡಿಸುತ್ತದೆ. ಲಂಬ ಚಲನೆಯು ಪರಸ್ಪರ ವಿರುದ್ಧ ಚಿಹ್ನೆಗಳಿಂದ ಅಳಿದುಹೋಗುತ್ತದೆ. ಶಬ್ದಕ್ಕೆ ಬೀಜಗಣಿತವೇ ಪೊರಕೆ!

ಬಳಿಕ ಈ ವಿದ್ಯುತ್ ಅಲೆಯನ್ನು ಸೆಕೆಂಡಿಗೆ 96,000 ಸಲ ಅಳೆದು ಬರೆದಿಡುವರು. ಕಿವಿಯು ಸುಮಾರು 20,000 ಹರ್ಟ್ಸ್‌ವರೆಗೆ ಮಾತ್ರ ಕೇಳುವುದರಿಂದ 44,100 ಸಲವೇ ಸಾಕಲ್ಲವೆ? ಕೇಳಲು ಸಾಕು. ಆದರೆ ಗೀರಿನ ಸದ್ದು ಮೊನಚಾಗಿ ಉಳಿದರೆ ಗಣಕಯಂತ್ರವು ಅದನ್ನು ಸುಲಭವಾಗಿ ಗುರುತಿಸಬಲ್ಲುದು. ಅತಿಯಾಗಿ ತೊಳೆದರೆ ಹಾಡಿನ ಸಕಾರ ಶಕಾರಗಳೂ ಮಾಯವಾದಾವು; ಆದುದರಿಂದ ತೊಳೆಯದ ಮೂಲಪ್ರತಿಯನ್ನೂ ಕಾದಿಡಬೇಕು.