ಕಿತ್ತೆಸೆದ ಪಿನ್ನು, ಕೈಯಲ್ಲಿ ಮೈಕು

ಒಂದು ಕಾಲಕ್ಕೆ ಗೃಹಪ್ರವೇಶಕ್ಕೋ ಮದುವೆ ಚಪ್ಪರಕ್ಕೋ ಮೈಕ್ ಸೆಟ್ಟಿನವನು ಬಂದರೆ ಅವನ ಸರಂಜಾಮೆಲ್ಲ ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು, ಕಹಳೆಯಂಥ ಎರಡು ಲೌಡ್ ಸ್ಪೀಕರುಗಳಲ್ಲಿ ಮುಗಿಯುತ್ತಿತ್ತು. ಈಗ ಮೆಹಂದಿಯ ರಾತ್ರಿಗೆ, ಮಗುವಿನ ಹುಟ್ಟುಹಬ್ಬಕ್ಕೆ ಡಿ.ಜೆ. ಬರುತ್ತಾನೆ. ಟೆಂಪೋದಿಂದ ಆಳೆತ್ತರದ ಸ್ಪೀಕರುಗಳು, ಮಿಕ್ಸರು, ತಿರುಗುವ ಬಣ್ಣದ ದೀಪಗಳು, ಹೊಗೆ ಉಗುಳುವ ಯಂತ್ರ ಒಂದೊಂದಾಗಿ ಇಳಿಯುತ್ತವೆ. ಇಷ್ಟೆಲ್ಲಕ್ಕೂ ಕರೆಂಟು ಎಲ್ಲಿಂದ? ನಡುಮನೆಯ ಟಿ.ವಿ. ಹಿಂದಿರುವ ಅದೇ ಹಳೆಯ ಸ್ವಿಚ್ ಬೋರ್ಡಿನಿಂದ.

ಸಣ್ಣದೊಂದು ಗುಣಾಕಾರ ಮಾಡೋಣ. ನಮ್ಮ ಮನೆಗೆ ಬರುವುದು 230 ವೋಲ್ಟ್. ರೂಢಿಯಲ್ಲಿ 'ಐದು ಆಂಪಿಯರ್' ಎನ್ನುವ ಚಿಕ್ಕ ಸಾಕೆಟ್ಟಿನ ಮಿತಿ 6 ಆಂಪಿಯರ್. ಅಂದರೆ 1380 ವ್ಯಾಟ್. ಇಸ್ತ್ರಿಪೆಟ್ಟಿಗೆಗೋ ಗೀಸರಿಗೋ ಬಳಸುವ ದೊಡ್ಡ ಸಾಕೆಟ್ಟಿನ ಮಿತಿ 16 ಆಂಪಿಯರ್, 3680 ವ್ಯಾಟ್. ಜನ ಹೆದರುವುದು ಸ್ಪೀಕರಿನ ಮೇಲೆ ಬರೆದ ಸಾವಿರಾರು ವ್ಯಾಟಿಗೆ. ಆದರೆ ಆ ಅಂಕಿ ಸದ್ದಿನ ಗರಿಷ್ಠ ಏಟಿನದು, ಅದೂ ಕ್ಷಣಮಾತ್ರದ್ದು. ಹಾಡು ನಡೆಯುವಾಗ ಸರಾಸರಿ ಬಳಕೆ ಅದಕ್ಕಿಂತ ಎಷ್ಟೋ ಕಡಿಮೆ. ಎಲ್‌ಇಡಿ ದೀಪಗಳು ತಿನ್ನುವುದೂ ಅಲ್ಪವೇ. ಯಾರೂ ಲೆಕ್ಕಕ್ಕೆ ಹಿಡಿಯದ ಹೊಗೆಯಂತ್ರವಿದೆಯಲ್ಲ, ಅದರೊಳಗಿರುವುದು ಕಾಯುವ ಕಾಯಿಲ್. 1500 ವ್ಯಾಟಿನದಾದರೆ ಅದೊಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ಚಿಕ್ಕ ಸಾಕೆಟ್ಟಿಗೆ ಅದೊಂದೇ ಹೆಚ್ಚಾಯಿತು; ಅದೇ ಬೋರ್ಡಿಗೆ ಐಸ್‌ಕ್ರೀಮಿನವನ ಫ್ರೀಜರನ್ನೂ ಸಿಕ್ಕಿಸಿದರೆ ಕೇಳುವುದೇ ಬೇಡ.

ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನೆನಪಿರಬಹುದು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಸಪೂರ ತಂತಿಯ ಎಕ್ಸ್‌ಟೆನ್ಷನ್ ಬೋರ್ಡನ್ನು, ಅದೂ ಸುರುಳಿ ಬಿಚ್ಚದೆ ಹಾಗೇ ಜಮಖಾನದ ಅಡಿಗೆ ತಳ್ಳಿದರೆ, ಆ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗುತ್ತದೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುವ ಜಾಣರೂ ಇದ್ದಾರೆ. ಆಮೇಲೆ ಸುಡುವ ಸರದಿ ಗೋಡೆಯೊಳಗಿನ ವೈರಿಂಗಿನದು.

ಆದರೆ ನನಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ ಬೇರೆ. ಮೂರು ಕಾಲಿನ ಪ್ಲಗ್ಗಿನಲ್ಲಿ ಒಂದು ಕಾಲು ಉಳಿದೆರಡಕ್ಕಿಂತ ದಪ್ಪ, ಉದ್ದ. ಪಠ್ಯಪುಸ್ತಕದಲ್ಲಿ ಅದು 'ಭೂಸಂಪರ್ಕ', ಊರವರ ಬಾಯಲ್ಲಿ 'ಅರ್ತ್'. ಉದ್ದ ಯಾಕೆಂದರೆ, ಸಿಕ್ಕಿಸುವಾಗ ಮೊದಲು ಕೂಡಬೇಕಾದದ್ದೂ ಕೀಳುವಾಗ ಕೊನೆಗೆ ಬಿಡಬೇಕಾದದ್ದೂ ಅದೇ. ಡಿ.ಜೆ.ಗಳ ಪ್ಲಗ್ಗುಗಳನ್ನು ಒಮ್ಮೆ ತಿರುಗಿಸಿ ನೋಡಿ: ಕೆಲವದರಲ್ಲಿ ಆ ಕಾಲೇ ಇರುವುದಿಲ್ಲ. ಮುರಿದು ಹೋದದ್ದಲ್ಲ, ಬೇಕೆಂದೇ ಕಿತ್ತದ್ದು.

ಕೀಳುವುದಕ್ಕೂ ಒಂದು ಕಾರಣವಿದೆ. ಮಿಕ್ಸರನ್ನು ಜಗಲಿಯ ಸಾಕೆಟ್ಟಿಗೂ ಆಂಪ್ಲಿಫೈಯರನ್ನು ಅಡುಗೆಮನೆಯ ಸಾಕೆಟ್ಟಿಗೂ ಕೊಟ್ಟಿದ್ದಾರೆನ್ನಿ. ಎರಡಕ್ಕೂ ಪ್ರತ್ಯೇಕ ಅರ್ತ್ ದಾರಿ. ಜತೆಗೆ ಎರಡನ್ನೂ ಜೋಡಿಸುವ ಆಡಿಯೊ ವೈರಿನ ಹೊರಕವಚವೂ ಅದೇ ಅರ್ತಿಗೆ ಸೇರಿರುತ್ತದೆ. ಹೀಗೆ ಒಂದು ಬಳೆಯಂಥ ಸುತ್ತು ಏರ್ಪಟ್ಟು, ಅದರಲ್ಲಿ 50 ಹರ್ಟ್ಸಿನ ಚೂರು ಪ್ರವಾಹ ಹರಿದು, ಸ್ಪೀಕರಿನಲ್ಲಿ 'ಗುಂಯ್' ಎಂಬ ಸದ್ದಾಗಿ ಕೇಳಿಸುತ್ತದೆ. ಒಂದು ಪ್ಲಗ್ಗಿನ ಅರ್ತ್ ಕಿತ್ತರೆ ಸುತ್ತು ಕಡಿಯಿತು, ಸದ್ದು ನಿಂತಿತು. ಎಲ್ಲರಿಗೂ ಖುಷಿ.

ಈಗ ಆ ಆಂಪ್ಲಿಫೈಯರಿನೊಳಗೆ ಫೇಸ್ ತಂತಿ ಸವೆದು ಲೋಹದ ಪೆಟ್ಟಿಗೆಗೆ ತಗುಲಿತೆನ್ನಿ. ಅರ್ತ್ ಸರಿಯಿದ್ದರೆ ಭಾರೀ ಪ್ರವಾಹ ನೆಲಕ್ಕೆ ಹರಿದು ಫ್ಯೂಸ್ ಹೋಗುತ್ತಿತ್ತು. ಅರ್ತ್ ಇಲ್ಲದ ಪೆಟ್ಟಿಗೆ 230 ವೋಲ್ಟಿನಲ್ಲಿ ತೆಪ್ಪಗೆ ಕೂತಿರುತ್ತದೆ. ಉಳಿದ ಪ್ಲಗ್ಗುಗಳ ಅರ್ತೂ ಹೋಗಿದ್ದರೆ ಆಡಿಯೊ ವೈರಿನ ಹೊರಕವಚದ ಮೂಲಕ ಅದೇ ವೋಲ್ಟೇಜು ಮಿಕ್ಸರಿಗೆ, ಅಲ್ಲಿಂದ ಮೈಕಿನ ಲೋಹದ ಜಾಲರಿಗೆ ಬರುತ್ತದೆ. ಮೈಕ್ ಹಿಡಿದವರು ಯಾರು? ಹರಸಲು ಎದ್ದ ಅಜ್ಜ. 'ಪುಟ್ಟಿ, ಒಂದು ಹಾಡು ಹೇಳೇ' ಎಂದು ಅಮ್ಮ ಮುಂದೆ ದೂಡಿದ ಮಗು. ನಮ್ಮ ಮನೆಗಳಲ್ಲಿ ಯಾರ ಕಾಲಲ್ಲೂ ಚಪ್ಪಲಿ ಇರುವುದಿಲ್ಲ. ಸಂಜೆ ನೀರು ಚಿಮುಕಿಸಿದ ಅಂಗಳ ಇನ್ನೂ ಹಸಿಯಾಗಿಯೇ ಇರುತ್ತದೆ.

ಇದು ಊಹೆಯ ಭಯವಲ್ಲ. ಸ್ಟೋನ್ ದ ಕ್ರೋಸ್ ಎಂಬ ಸ್ಕಾಟ್ಲೆಂಡಿನ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸ್‌ನ ಸ್ವಾನ್‌ಸಿಯಲ್ಲಿ, ವೇದಿಕೆಯ ಮೇಲೆ, ಅರ್ತ್ ಇಲ್ಲದ ಮೈಕ್ ಮುಟ್ಟಿ ಸತ್ತರು. ವಯಸ್ಸು 27. ಯಾರ್ಡ್‌ಬರ್ಡ್ಸ್ ತಂಡದ ಗಾಯಕ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ತಮ್ಮ ಮನೆಯಲ್ಲೇ, ಅರ್ತ್ ಸರಿಯಿಲ್ಲದ ವಿದ್ಯುತ್ ಗಿಟಾರ್ ನುಡಿಸುವಾಗ ಶಾಕ್ ಹೊಡೆದು ತೀರಿಕೊಂಡರು. ಇಬ್ಬರೂ ಕಸುಬು ಬಲ್ಲವರೇ.

ಹಾಗಾದರೆ ಗುಂಯ್‌ಗುಡುವಿಕೆಗೆ ಮದ್ದೇನು? ಸಂಗೀತದ ಸಲಕರಣೆಗಳಿಗೆಲ್ಲ ಒಂದೇ ಪವರ್ ಸಾಕೆಟ್ಟಿನಿಂದ, ದಪ್ಪ ಕೇಬಲ್ಲಿನ ಒಂದೇ ಬೋರ್ಡಿನ ಮೂಲಕ ಕರೆಂಟು ಕೊಟ್ಟರೆ ಆ ಸುತ್ತು ಚಿಕ್ಕದಾಗಿ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಹೊಗೆಯಂತ್ರ, ದೀಪಗಳು ಬೇರೆ ಸರ್ಕೀಟಿಗೆ ಹೋಗಲಿ. ಆಮೇಲೂ ಉಳಿದರೆ ಆಡಿಯೊ ವೈರಿನ ನಡುವೆ ಹಾಕುವ ಪುಟ್ಟ ಐಸೊಲೇಷನ್ ಟ್ರಾನ್ಸ್‌ಫಾರ್ಮರು ಸಿಗುತ್ತದೆ. ಕಡಿಯಬೇಕಾದದ್ದು ಹಾಡಿನ ತಂತಿಯ ಸುತ್ತನ್ನು, ಕರೆಂಟಿನ ಅರ್ತನ್ನಲ್ಲ.

ಅರ್ತ್ ಇದ್ದ ಮಾತ್ರಕ್ಕೆ ಎಲ್ಲ ಸರಿಯೆಂದೂ ಅಲ್ಲ. ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿ ಅದರ ರೋಧ 25 ಓಮ್ ಆಗಿದೆಯೆನ್ನಿ. ಆಗ ನೆಲಕ್ಕೆ ಹರಿಯುವುದು ಬರೀ 9 ಆಂಪಿಯರ್. 16 ಆಂಪಿಯರಿನ ಎಂಸಿಬಿ ಕಣ್ಣೂ ಪಿಳುಕಿಸುವುದಿಲ್ಲ. ಇಲ್ಲಿ ಕೈಹಿಡಿಯುವುದು ಆರ್‌ಸಿಸಿಬಿ. ಹೋದ ಕರೆಂಟು, ಮರಳಿದ ಕರೆಂಟು ಎರಡನ್ನೂ ತೂಗಿ ನೋಡುವ ಶ್ಯಾನುಭೋಗನಂತೆ ಅದು. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿದೊಡನೆ ಕಣ್ಣೆವೆ ಮುಚ್ಚುವಷ್ಟರಲ್ಲಿ ಕಡಿಯುತ್ತದೆ. ಮನೆಯಲ್ಲಿ ಅದು ಇದ್ದರೆ ಅತಿಥಿಗಳು ಬರುವ ಮೊದಲು 'ಟಿ' ಎಂದು ಬರೆದ ಗುಂಡಿ ಒತ್ತಿ ನೋಡಿ, ಟಪ್ಪೆಂದು ಬೀಳಬೇಕು. ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ನರಿಂದ ಹಾಕಿಸಿ. ಚಪ್ಪರದವನಿಗೆ ಕೊಡುವ ಹಣದ ಮುಂದೆ ಅದೇನೂ ದೊಡ್ಡ ಖರ್ಚಲ್ಲ.

ಕಂಬದಿಂದ ನೇರವಾಗಿ ಕೊಕ್ಕೆ ಹಾಕುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಕಳ್ಳತನ ಎಂಬುದು ಒಂದು ಕಡೆ. ಆ ದಾರಿಯಲ್ಲಿ ನಿಮ್ಮ ಮನೆಯ ಫ್ಯೂಸೂ ಇಲ್ಲ, ಆರ್‌ಸಿಸಿಬಿಯೂ ಇಲ್ಲ ಎಂಬುದು ಇನ್ನೊಂದು ಕಡೆ. ದೊಡ್ಡ ಸಮಾರಂಭವಾದರೆ ತಾತ್ಕಾಲಿಕ ಸಂಪರ್ಕಕ್ಕೆ ಅರ್ಜಿ ಹಾಕಿ, ಅಥವಾ ಜನರೇಟರ್ ತರಿಸಿ ಗಾಳಿಯಾಡುವ ಹೊರಜಾಗದಲ್ಲಿಡಿ.

ಜಂಕ್ಷನ್ ಬೋರ್ಡು ನೆಲದ ಮೇಲೆ ಬೇಡ, ಮರದ ಸ್ಟೂಲಿನ ಮೇಲಿರಲಿ. ಕೈತೊಳೆಯುವ ಜಾಗ ಅದರಿಂದ ದೂರವಿರಲಿ. ಮಳೆ ಹನಿದರೆ ಪ್ಲಾಸ್ಟಿಕ್ ಚೀಲ ಮುಚ್ಚಿ ಮುಂದುವರಿಸುವ ಸಾಹಸ ಬೇಡ. ಯಾರಿಗಾದರೂ ಶಾಕ್ ಹಿಡಿದರೆ ಅವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಆ ಸ್ವಿಚ್ ಎಲ್ಲಿದೆಯೆಂದು ಡಿ.ಜೆ.ಗೂ ಮನೆಯ ಇಬ್ಬರಿಗಾದರೂ ಮೊದಲೇ ತೋರಿಸಿಡಿ. ಅದರ ಮುಂದೆ ಮಡಚುವ ಕುರ್ಚಿಗಳನ್ನೂ ಉಡುಗೊರೆಯ ಪೊಟ್ಟಣಗಳನ್ನೂ ಪೇರಿಸಬೇಡಿ.