ಪುಟಿದ ಮರುಗಳಿಗೆ

1927ರ ವಿಂಬಲ್ಡನ್ ಸೆಮಿಫೈನಲ್. ಅಮೆರಿಕದ ಬಿಲ್ ಟಿಲ್ಡೆನ್ ಮೊದಲ ಎರಡು ಸೆಟ್‌ಗಳನ್ನು 6–2, 6–4ರಲ್ಲಿ ಬಾಚಿಕೊಂಡಿದ್ದ. ಮೂರನೆಯದರಲ್ಲೂ 5–1ರ ಮುನ್ನಡೆ. ಇನ್ನೊಂದೇ ಗೇಮ್ ಗೆದ್ದರೆ ಫೈನಲ್. ಆ ಗೇಮ್ 15–15ಕ್ಕೆ ಬಂದಾಗ ನಡೆದದ್ದನ್ನು ಟೆನಿಸ್ ಲೋಕ ಇವತ್ತಿಗೂ ಪೂರ್ತಿ ಅರಗಿಸಿಕೊಂಡಿಲ್ಲ. ಎದುರಿಗಿದ್ದ ಫ್ರಾನ್ಸಿನ ಆನ್ರಿ ಕೊಶೆ ಒಂದಾದ ಮೇಲೊಂದರಂತೆ ಹದಿನೇಳು ಪಾಯಿಂಟ್ ಗೆದ್ದ. ನಡುವೆ ಟಿಲ್ಡೆನ್‌ಗೆ ಒಂದೇ ಒಂದು ಪಾಯಿಂಟ್ ದಕ್ಕಲಿಲ್ಲ. ಸೆಟ್ 7–5ಕ್ಕೆ ಕೊಶೆಯ ಪಾಲಾಯಿತು. ಆಮೇಲೆ 6–4, 6–3. ಸೋಲುವ ದಾರಿಯೇ ಇಲ್ಲದಿದ್ದವನು ಸೋತು ಹೊರನಡೆದ.

ಆಗಿದ್ದೇನು ಎಂಬುದಕ್ಕೆ ಕತೆಗಳು ಹುಟ್ಟಿಕೊಂಡವು. ಸ್ಪೇನಿನ ದೊರೆ ಅಲ್ಫಾನ್ಸೊ ಆಟ ನೋಡಲು ಬಂದನಂತೆ, ಅವನಿಗೂ ಸ್ವಲ್ಪ ಆಟ ಕಾಣಲಿ ಎಂದು ಟಿಲ್ಡೆನ್ ಬೇಕೆಂದೇ ಎಳೆದಾಡಿದನಂತೆ ಎಂದರು ಕೆಲವರು. ಇನ್ನೂ ಸ್ವಾರಸ್ಯದ ಕತೆಯೊಂದಿತ್ತು: ಪ್ರೇಕ್ಷಕರ ನಡುವೆ ಕೂತ ಹಿಂದೂಗಳ ಗುಂಪೊಂದು ಅವನ ಮೇಲೆ ವಶೀಕರಣ ಮಾಡಿತಂತೆ! ಟಿಲ್ಡೆನ್ ಈ ಎಲ್ಲ ವದಂತಿಗಳನ್ನೂ ತನ್ನ ಆತ್ಮಕಥೆಯಲ್ಲಿ ನಗುತ್ತ ದಾಖಲಿಸಿದ. ವಶೀಕರಣ ನಡೆದದ್ದು ತನಗಂತೂ ಗೊತ್ತಾಗಲಿಲ್ಲ, ನಡೆದಿದ್ದರೆ ಮಾಡಿದವರು ಬಲು ಚೆನ್ನಾಗಿಯೇ ಮಾಡಿದ್ದಾರೆ ಎಂಬ ಧಾಟಿಯಲ್ಲಿ.

ಮಾಟಮಂತ್ರದ ಕತೆ ಹಬ್ಬಿದ್ದು ಸುಮ್ಮನೆ ಅಲ್ಲ. ಕೊಶೆಯ ಆಟ ನೋಡಿದವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಆಳು ಗಿಡ್ಡ. ಸರ್ವ್ ಮೆತ್ತಗೆ. ಟಿಲ್ಡೆನ್‌ನ ಎತ್ತರವಾಗಲಿ, ಸಿಡಿಗುಂಡಿನಂಥ ಹೊಡೆತವಾಗಲಿ ಅವನಿಗಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಅವನು ನಿಲ್ಲುತ್ತಿದ್ದ ಜಾಗ. ಅಂಗಳದ ಹಿಂದಿನ ಗೆರೆಯಲ್ಲೂ ಅಲ್ಲ, ನೆಟ್ ಹತ್ತಿರವೂ ಅಲ್ಲ, ಎರಡರ ನಡುವೆ. ಅಲ್ಲಿ ನಿಂತವನ ಕಾಲಬುಡಕ್ಕೇ ಚೆಂಡು ಬೀಳುತ್ತದೆ. ನೆಲ ಮುಟ್ಟುವ ಮೊದಲು ಹೊಡೆಯೋಣವೆಂದರೆ ತಲುಪುವುದಿಲ್ಲ. ಪುಟಿದು ಸೊಂಟದೆತ್ತರಕ್ಕೆ ಬರಲಿ ಎಂದರೆ ದಾಟಿಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಉಳಿಯುವುದು ಒಂದೇ ದಾರಿ: ಚೆಂಡು ನೆಲ ಬಿಟ್ಟ ಮರುಗಳಿಗೆಯಲ್ಲೇ, ಇನ್ನೂ ಪಾದದ ಮಟ್ಟದಲ್ಲಿರುವಾಗಲೇ ರ‍್ಯಾಕೆಟ್ ಒಡ್ಡಬೇಕು. ಅದೇ ಹಾಫ್ ವಾಲಿ.

ಆ ಹೊಡೆತಕ್ಕೆ ಒಳ್ಳೆಯ ಹೆಸರಿರಲಿಲ್ಲ. ತಪ್ಪು ಜಾಗದಲ್ಲಿ ಸಿಕ್ಕಿಬಿದ್ದವನು ಮಾನ ಉಳಿಸಿಕೊಳ್ಳಲು ಆಡುವ ಹೊಡೆತ ಅದು. ಕಲಿಸುವವರು ಅದನ್ನು ಆಡಲು ಹೇಳಿಕೊಡುತ್ತಿದ್ದುದಕ್ಕಿಂತ, ಅದನ್ನು ಆಡಬೇಕಾದ ಗತಿ ಬರದಂತೆ ಎಲ್ಲಿ ನಿಲ್ಲಬೇಕು ಎಂದು ಹೇಳಿಕೊಡುತ್ತಿದ್ದುದೇ ಹೆಚ್ಚು. ಕೊಶೆಗೆ ಆ ಪಾಠ ಹೇಳುವವರು ಬಹುಶಃ ಇರಲಿಲ್ಲ. ಅವನು 1901ರಲ್ಲಿ ಲಿಯೋನ್ ಪಕ್ಕದ ವಿಲ್ಲರ್‌ಬಾನ್‌ನಲ್ಲಿ ಹುಟ್ಟಿದವ. ಅಪ್ಪ ಲಿಯೋನ್‌ನ ಟೆನಿಸ್ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ. ಮಗ ಅಲ್ಲೇ ಚೆಂಡು ಹೆಕ್ಕಿ ಕೊಡುವ ಹುಡುಗ. ಸದಸ್ಯರು ಆಡಿ ಮುಗಿಸಿ ಅಂಗಳ ಖಾಲಿಯಾದಾಗ ಸೋದರಿ, ಗೆಳೆಯರ ಜೊತೆ ಆಡಿ ಕಲಿತ. ದೊಡ್ಡವರು ಕೂಡದು ಎಂದು ಹೆದರುತ್ತಿದ್ದ ಜಾಗದಲ್ಲಿ ನಿಂತು ಆಡುವುದು ಅವನಿಗೆ ಸಹಜವಾಗಿಬಿಟ್ಟಿತು.

ಆ ಸಹಜತೆಯ ಬಿಸಿ ಟಿಲ್ಡೆನ್‌ಗೆ ಮೊದಲೇ ತಟ್ಟಿತ್ತು. 1920ರಿಂದ 25ರವರೆಗೆ ಸತತ ಆರು ವರ್ಷ ಅಮೆರಿಕದ ಚಾಂಪಿಯನ್ ಆಗಿ ಮೆರೆದವನನ್ನು ಅಲ್ಲಿಯೇ 1926ರ ಕ್ವಾರ್ಟರ್‌ಫೈನಲ್‌ನಲ್ಲಿ ಐದು ಸೆಟ್‌ಗಳ ಕಾದಾಟದಲ್ಲಿ ಇಳಿಸಿದವನೂ ಇದೇ ಕೊಶೆ. ಆದರೆ 1927ರ ವಿಂಬಲ್ಡನ್ ಬೇರೆಯದೇ ಮಾತು. ಕ್ವಾರ್ಟರ್‌ಫೈನಲ್‌ನಲ್ಲಿ ಫ್ರಾಂಕ್ ಹಂಟರ್ ಎದುರು ಎರಡು ಸೆಟ್ ಕಳೆದುಕೊಂಡು ಗೆದ್ದ. ಸೆಮಿಫೈನಲ್‌ನಲ್ಲಿ ಟಿಲ್ಡೆನ್ ಎದುರು ಎರಡು ಸೆಟ್ ಕಳೆದುಕೊಂಡು ಗೆದ್ದ. ಫೈನಲ್‌ನಲ್ಲಿ ತನ್ನದೇ ದೇಶದ ಜಾನ್ ಬೊರೊತ್ರಾ ಎದುರು ಮತ್ತೆ ಎರಡು ಸೆಟ್ ಹೋದವು; ಐದನೆಯದರಲ್ಲಿ ಆರು ಮ್ಯಾಚ್ ಪಾಯಿಂಟ್‌ಗಳ ಬಾಯಿಂದ ಪಾರಾಗಿ 7–5ಕ್ಕೆ ಕಪ್ ಎತ್ತಿದ. ಅದರಲ್ಲೊಂದು ಪಾಯಿಂಟ್‌ನಲ್ಲಿ ಚೆಂಡು ಅವನ ರ‍್ಯಾಕೆಟ್‌ಗೆ ಎರಡು ಸಲ ತಾಗಿತು ಎಂಬ ಗುಮಾನಿ ಎದ್ದಿತ್ತು. ಅಂಪೈರ್ ಇಲ್ಲ ಎಂದ. ಚರಿತ್ರೆ ಅಂಪೈರ್ ಮಾತನ್ನು ಒಪ್ಪಿಕೊಂಡು ಮುಂದೆ ನಡೆಯಿತು.

ಕೊಶೆ ಕಂಡುಕೊಂಡದ್ದನ್ನು ಉಳಿದವರು ಕಲಿಯಬೇಕಿತ್ತು. ಕಲಿಯಲಿಲ್ಲ. ಅದು ಅವನೊಬ್ಬನ ಕೈಚಳಕ ಎಂದು ಬದಿಗಿಟ್ಟರು. ಮರದ ರ‍್ಯಾಕೆಟ್ ಹೋಗಿ ಗ್ರ್ಯಾಫೈಟ್ ಬಂತು, ಚೆಂಡಿಗೆ ಭಾರೀ ಮುಮ್ಮುಖ ಸುತ್ತು ಕೊಡುವ ಹೊಡೆತಗಳು ಬಂದವು, ಆಟಗಾರರು ಬೇಸ್‌ಲೈನ್‌ನಿಂದ ಇನ್ನೂ ಹಿಂದಕ್ಕೆ ಸರಿದರು. ಅಪವಾದಕ್ಕೆ ಲಾಸ್ ವೇಗಸ್‌ನ ಹಿತ್ತಲೊಂದರಲ್ಲಿ ಒಬ್ಬ ಹುಡುಗನಿದ್ದ. ಅವನಪ್ಪ ಚೆಂಡೆಸೆಯುವ ಯಂತ್ರವೊಂದನ್ನು ತಿದ್ದಿ ಎತ್ತರದಲ್ಲಿ ನಿಲ್ಲಿಸಿದ್ದ. ಹುಡುಗ ಅದಕ್ಕೆ ಡ್ರ್ಯಾಗನ್ ಎಂದು ಹೆಸರಿಟ್ಟಿದ್ದ. ಮೇಲಿನಿಂದ ಬಂದ ಚೆಂಡು ಪುಟಿದರೆ ತಲೆ ದಾಟಿ ಹೋಗುತ್ತಿತ್ತು. ಹಾಗಾಗಿ ಏರುವ ಮೊದಲೇ ಹೊಡೆಯದೆ ಗತ್ಯಂತರವಿರಲಿಲ್ಲ. ದಿನಕ್ಕೆ 2,500 ಚೆಂಡು ಎಂಬುದು ಅಪ್ಪನ ಲೆಕ್ಕ. ಆ ಹುಡುಗ ಆಂಡ್ರೆ ಅಗಾಸಿ ಆದ. ಆಟವನ್ನು ದ್ವೇಷಿಸುತ್ತಲೇ ಕಲಿತೆ ಎಂದು ದೊಡ್ಡವನಾದ ಮೇಲೆ ಬರೆದುಕೊಂಡ. ಆದರೂ ಅಗಾಸಿ ಹೊಡೆಯುತ್ತಿದ್ದದ್ದು ಏರುತ್ತಿರುವ ಚೆಂಡನ್ನು. ನೆಲ ಬಿಟ್ಟ ಮರುಗಳಿಗೆಯನ್ನೇ ಹುಡುಕಿಕೊಂಡು ಹೋಗುವ ಹುಚ್ಚು ಕೊಶೆಯ ನಂತರ ಇನ್ನೂ ಯಾರಿಗೂ ಹಿಡಿದಿರಲಿಲ್ಲ.

ಅದು ಹಿಡಿದದ್ದು 2015ರ ಆಗಸ್ಟ್‌ನಲ್ಲಿ, ಅಮೆರಿಕದ ಸಿನ್ಸಿನಾಟಿಯಲ್ಲಿ, ತಮಾಷೆಗೆ. ರೋಜರ್ ಫೆಡರರ್‌ಗೆ ಆಗಷ್ಟೇ 34 ತುಂಬಿತ್ತು. ಕಾಕತಾಳೀಯವೆನ್ನಿ, ಕೊಶೆಗೆ ಸೋತ ವರ್ಷ ಟಿಲ್ಡೆನ್‌ಗೂ ಅಷ್ಟೇ ವಯಸ್ಸು. ಹಿಂದಿನ ತಿಂಗಳು ವಿಂಬಲ್ಡನ್ ಫೈನಲ್‌ನಲ್ಲಿ ನೊವಾಕ್ ಜೊಕೊವಿಚ್‌ಗೆ ಸೋತ ಮೇಲೆ ಫೆಡರರ್ ಪಂದ್ಯವನ್ನೇ ಆಡಿರಲಿಲ್ಲ. ಯುರೋಪಿನಿಂದ ಹಾರಿ ಬಂದು ನಿದ್ದೆ ಕೆಟ್ಟ ಕಣ್ಣಲ್ಲೇ ಅಭ್ಯಾಸಕ್ಕಿಳಿದ. ಜೊತೆಗೆ ಆಡಲು ಬಂದ ಫ್ರಾನ್ಸಿನ ಬೆನ್ವಾ ಪೇರ್‌ಗೆ ಕಿವಿಯ ತೊಂದರೆ. ಇಬ್ಬರಿಗೂ ಸಾಕುಸಾಕಾಗಿತ್ತು. ಇನ್ನು ಕೆಲವು ಗೇಮ್ ಆಡಿ ಮುಗಿಸಿ ಎಂದ ಕೋಚ್ ಸೆವೆರಿನ್ ಲ್ಯೂಥಿ.

ಬೇಗ ಮುಗಿಯಬೇಕಾದರೆ ಪಾಯಿಂಟ್‌ಗಳು ಬೇಗ ಮುಗಿಯಬೇಕು. ಫೆಡರರ್ ಒಂದು ಉಪಾಯ ಮಾಡಿದ. ಪೇರ್ ಸರ್ವ್ ಮಾಡಲು ಚೆಂಡನ್ನು ಮೇಲಕ್ಕೆಸೆದಾಗ ಇವನು ಬೇಸ್‌ಲೈನ್ ಬಿಟ್ಟು ಮುಂದಕ್ಕೆ ಓಡಿದ, ಸರ್ವಿಸ್ ಗೆರೆಯ ಹತ್ತಿರ ಬಂದು, ಪುಟಿಯುತ್ತಿದ್ದ ಚೆಂಡಿಗೆ ಹಾಗೇ ರ‍್ಯಾಕೆಟ್ ಒಡ್ಡಿದ. ಅದು ಹೋಗಿ ಮುಟ್ಟಲಾಗದ ಮೂಲೆಗೆ ಬಿತ್ತು. ಇಬ್ಬರೂ ನಕ್ಕರು. ಮತ್ತೆ ಓಡಿದ, ಮತ್ತೆ ಅದೇ. ಮತ್ತೆ ನಗು. ದಣಿದವರ ಹುಡುಗಾಟ ಎಂದು ಅಲ್ಲಿಗೆ ಮರೆತುಬಿಡಬಹುದಿತ್ತು. ಮುಂದಿನ ಅಭ್ಯಾಸದಲ್ಲೂ ಫೆಡರರ್ ಅದನ್ನೇ ಮಾಡಿದ. ಆಗಲೂ ಚೆಂಡು ಮಾತು ಕೇಳಿತು. ಪಕ್ಕದಲ್ಲಿ ನಿಂತಿದ್ದ ಲ್ಯೂಥಿ ಮಾತ್ರ ನಗಲಿಲ್ಲ. ಪಂದ್ಯದಲ್ಲೂ ಯಾಕೆ ಆಡಬಾರದು ಎಂದು ಕೇಳಿದ.

ಫೆಡರರ್‌ಗೇ ನಂಬಿಕೆ ಬರಲಿಲ್ಲ. ಅಭ್ಯಾಸದಲ್ಲಿ ತಪ್ಪಿದರೆ ನಗು, ಸಾವಿರಾರು ಜನರೆದುರು ತಪ್ಪಿದರೆ ನಗೆಪಾಟಲು. 17 ಗ್ರ್ಯಾಂಡ್‌ಸ್ಲ್ಯಾಮ್ ಗೆದ್ದವನು ಗಲ್ಲಿ ಆಟದ ಹುಡುಗನಂತೆ ಮುನ್ನುಗ್ಗಿ ಚೆಂಡು ಬಿಟ್ಟರೆ ಹೇಗೆ ಕಂಡೀತು? ಲ್ಯೂಥಿ ಪಟ್ಟು ಬಿಡಲಿಲ್ಲ. ನನ್ನ ಲೆಕ್ಕದಲ್ಲಿ ಈ ಕತೆಯ ನಿಜವಾದ ನಾಯಕ ಅವನೇ. ಆಕಸ್ಮಿಕಗಳು ದಿನಕ್ಕೆ ನೂರು ನಡೆಯುತ್ತವೆ. ಅದರಲ್ಲೊಂದರ ಕೊರಳಪಟ್ಟಿ ಹಿಡಿದು ನಿಲ್ಲಿಸುವವರು ಅಪರೂಪ.

ರೊಬೆರ್ಟೊ ಬಾಟಿಸ್ಟಾ ಅಗುಟ್ ಎದುರಿನ ಪಂದ್ಯದಲ್ಲಿ ಫೆಡರರ್ ಮೊದಲ ಸಲ ನುಗ್ಗಿದ. ಎದುರಾಳಿಯ ಎರಡನೇ ಸರ್ವ್‌ಗೆ ಮಾತ್ರ, ಅದೂ ಅವನ ಕಣ್ಣು ಮೇಲಕ್ಕೆಸೆದ ಚೆಂಡಿನ ಮೇಲಿದ್ದಾಗ. ಸರ್ವ್ ಮಾಡಿ ತಲೆಯಿಳಿಸಿ ನೋಡಿದರೆ, ಇಪ್ಪತ್ತೈದು ಮೀಟರ್ ಆಚೆ ಇರಬೇಕಾದವನು ಎದುರಿಗೇ ನಿಂತಿದ್ದ. ಆ ವಾರವಿಡೀ ಈ ಹಠಾತ್ ದಾಳಿ ನಡೆಯಿತು. ಫೈನಲ್‌ನಲ್ಲಿ ಜೊಕೊವಿಚ್ ಎದುರೂ ನಡೆಯಿತು, ಟೈಬ್ರೇಕರ್‌ನಂಥ ಉಸಿರುಗಟ್ಟುವ ಹೊತ್ತಲ್ಲೂ. ಫೆಡರರ್ 7–6, 6–3ರಿಂದ ಗೆದ್ದು ಸಿನ್ಸಿನಾಟಿಯ ಏಳನೇ ಪ್ರಶಸ್ತಿ ಎತ್ತಿಕೊಂಡ. ಹೊಡೆತಕ್ಕೊಂದು ಹೆಸರೂ ಬಂತು: ಸ್ನೀಕ್ ಅಟ್ಯಾಕ್ ಬೈ ರೋಜರ್, ಚುಟುಕಾಗಿ ಸೇಬರ್.

ಎಲ್ಲರಿಗೂ ಇದು ಹಿಡಿಸಲಿಲ್ಲ. ಆಗ ಜೊಕೊವಿಚ್‌ನ ಕೋಚ್ ಆಗಿದ್ದ ಬೋರಿಸ್ ಬೆಕರ್‌ಗೆ ಇದರಲ್ಲಿ ಎದುರಾಳಿಗೆ ತೋರಿದ ಅಗೌರವ ಕಂಡಿತು. ತಮ್ಮ ಕಾಲದಲ್ಲಾಗಿದ್ದರೆ ಸರ್ವ್ ಮಾಡುವವನು ಹಾಗೆ ನುಗ್ಗುವವನ ಮೈಗೇ ಗುರಿಯಿಡುತ್ತಿದ್ದ ಎಂಬರ್ಥದ ಮಾತಾಡಿದ. ಫೆಡರರ್ ಕಿವಿಗೊಡಲಿಲ್ಲ. ನ್ಯೂಯಾರ್ಕ್‌ನ ಯುಎಸ್ ಓಪನ್‌ನಲ್ಲಿ ಒಂದು ಸೆಟ್ಟನ್ನೂ ಕಳೆದುಕೊಳ್ಳದೆ ಫೈನಲ್‌ಗೆ ಬಂದ. ಹಾದಿಯಲ್ಲಿ ಸಿಕ್ಕವರಲ್ಲಿ ಸರ್ವ್‌ಗೆ ಹೆಸರಾದ, ಆರಡಿ ಹತ್ತಿಂಚಿನ ಜಾನ್ ಇಸ್ನರ್ ಕೂಡ ಒಬ್ಬ.

ಸೆಪ್ಟೆಂಬರ್ 13ರ ಫೈನಲ್ ಮಳೆಯಿಂದಾಗಿ ಸುಮಾರು ಮೂರು ಗಂಟೆ ತಡವಾಗಿ ಶುರುವಾಯಿತು. ನೆರೆದವರೆಲ್ಲ ಫೆಡರರ್ ಪರ. ಈ ಸಲ ಜೊಕೊವಿಚ್ ಬೆಚ್ಚಲಿಲ್ಲ. ಫೆಡರರ್ ನುಗ್ಗಿದ, ಕೆಲವು ದಕ್ಕಿದವು, ಕೆಲವು ನೆಟ್‌ಗೆ ಬಡಿದವು. ಎದುರಾಳಿಯ ಸರ್ವ್ ಮುರಿಯುವ ಅವಕಾಶ ಇಪ್ಪತ್ತಮೂರು ಸಲ ಸಿಕ್ಕಿತು, ಕೈಗೂಡಿದ್ದು ನಾಲ್ಕೇ ಸಲ. 6–4, 5–7, 6–4, 6–4ರಿಂದ ಜೊಕೊವಿಚ್ ಗೆದ್ದ. ಸೇಬರ್ ಆಮೇಲೆ ಅಪರೂಪವಾಯಿತು. ಎದುರಾಳಿ ಕಾಯುತ್ತಿದ್ದರೆ ಹಠಾತ್ ದಾಳಿಯಲ್ಲಿ ಹಠಾತ್ತು ಉಳಿಯುವುದಿಲ್ಲವಲ್ಲ.

ಅದು ದಕ್ಕಿದಾಗ ದಕ್ಕಿದ್ದು ಹೇಗೆ ಎಂಬುದರ ಒಂದು ಪಾಲು ಬರೀ ಅಳತೆಯ ಲೆಕ್ಕ. ಸರ್ವಿಸ್ ಗೆರೆಯಿಂದ ಬೇಸ್‌ಲೈನ್‌ಗೆ 5.49 ಮೀಟರ್, ಸರ್ವ್ ಎದುರಿಸುವವರು ಸಾಮಾನ್ಯವಾಗಿ ಅದಕ್ಕೂ ಹಿಂದೆ ನಿಲ್ಲುತ್ತಾರೆ. ಅಷ್ಟು ದೂರವನ್ನು ಚೆಂಡು ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ಕ್ರಮಿಸಬೇಕು. ಫೆಡರರ್ ಮುಂದೆ ಬಂದಾಗ ಎರಡೂ ಪಯಣ ಉಳಿತಾಯವಾದವು. ಸರ್ವ್ ಮಾಡಿದವನ ಪಾಲಿಗೆ ಹೆಚ್ಚುಕಮ್ಮಿ ಅರ್ಧ ಸೆಕೆಂಡು ಮಾಯವಾಯಿತು. ಸರ್ವ್ ಮಾಡಿ ಮುಂದಕ್ಕೆ ಬಾಗಿದ ಮೈಯನ್ನು ನೆಟ್ಟಗೆ ಮಾಡಿಕೊಳ್ಳಲು ಬೇಕಾಗುವುದು ಅಷ್ಟೇ ಹೊತ್ತು. ರ‍್ಯಾಕೆಟ್ ಬೀಸುವ ಅಗತ್ಯವೂ ಇರಲಿಲ್ಲ, ಬಂದ ವೇಗವೇ ವಾಪಸು ಹೋಗಲು ಸಾಕಿತ್ತು.

ಇನ್ನೊಂದು ಪಾಲಿನ ಉತ್ತರ ಕ್ರಿಕೆಟ್‌ನಿಂದ ಬಂತು. ಅಲ್ಲಿ ಹಾಫ್ ವಾಲಿ ಎಂದರೆ ಬೌಲರ್ ಕೊಟ್ಟ ಉಡುಗೊರೆ. ಚೆಂಡು ಬಿದ್ದ ಜಾಗಕ್ಕೇ ಕಾಲಿಟ್ಟು ಬ್ಯಾಟ್ ತಂದರೆ, ಅದು ಎಷ್ಟೇ ತಿರುಗುವ ಚೆಂಡಾಗಿರಲಿ, ತಿರುಗಲು ದೂರವೇ ಸಿಗುವುದಿಲ್ಲ. ಟೆನಿಸ್‌ನಲ್ಲಿ ಮಾನಗೇಡಿ ಹೊಡೆತವಾದದ್ದು ಕ್ರಿಕೆಟ್‌ನಲ್ಲಿ ಹಬ್ಬವಾದದ್ದು ಇದೊಂದೇ ಕಾರಣಕ್ಕೆ: ಬ್ಯಾಟ್ಸ್‌ಮನ್ ಅಲ್ಲಿಗೆ ತಾನಾಗಿ ಹೋಗುತ್ತಿದ್ದ, ಟೆನಿಸ್ ಆಟಗಾರ ಅಲ್ಲಿ ಸಿಕ್ಕಿಬೀಳುತ್ತಿದ್ದ. ಕೊಶೆ ಮತ್ತು ಫೆಡರರ್ ತಾವಾಗಿ ಹೋದರು.

ಇನ್ನು ಕಣ್ಣಿನ ವಿಷಯ. ಬ್ರಿಟನ್ನಿನ ವಿಜ್ಞಾನಿಗಳಾದ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಾಡ್ ಬೇರೆಬೇರೆ ಮಟ್ಟದ ಮೂವರು ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ, ಬೌಲಿಂಗ್ ಯಂತ್ರದೆದುರು ನಿಲ್ಲಿಸಿ, ಅವರ ನೋಟ ಎಲ್ಲೆಲ್ಲಿ ಹೋಗುತ್ತದೆಂದು ಅಳೆದರು. 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಚೆಂಡಿನ ಮೇಲೆ ಸದಾ ಕಣ್ಣಿಡು ಎಂಬ ಹಳೆಯ ಪಾಠವನ್ನು ಯಾರೂ ಪಾಲಿಸುತ್ತಿರಲಿಲ್ಲ. ಚೆಂಡು ಯಂತ್ರ ಬಿಟ್ಟ ಕೂಡಲೇ ಅದನ್ನು ಕ್ಷಣಮಾತ್ರ ನೋಡಿ, ಕಣ್ಣು ಅಲ್ಲಿಂದ ಜಿಗಿದು ಅದು ನೆಲಕ್ಕೆ ಬೀಳಲಿರುವ ಜಾಗದಲ್ಲಿ ಕಾಯುತ್ತಿತ್ತು. ಆಟಗಾರ ನುರಿತಷ್ಟೂ ಆ ಜಿಗಿತ ಬೇಗ ಆಗುತ್ತಿತ್ತು. ಪುಟಿದ ಮರುಗಳಿಗೆಯಲ್ಲೇ ಹೊಡೆಯುವವನಿಗಂತೂ ಪುಟಿತ ನೋಡಿ ತಿದ್ದಿಕೊಳ್ಳಲು ಸಮಯವಿರುವುದಿಲ್ಲ. ಚೆಂಡು ಬೀಳುವ ಮೊದಲೇ ಅವನ ತೀರ್ಮಾನ ಮುಗಿದಿರಬೇಕು. ಸಿನ್ಸಿನಾಟಿಯಲ್ಲಿ ಫೆಡರರ್ ಎರಡನೇ ಸರ್ವ್‌ಗೆ ಮಾತ್ರ ನುಗ್ಗಿದ್ದು ಅದಕ್ಕೇ: ಮೊದಲ ಸರ್ವ್‌ನ ವೇಗಕ್ಕೆ ಅಷ್ಟು ಮುಂದೆ ಬಂದು ನಿಂತರೆ, ಬೀಳುವ ಜಾಗವನ್ನು ಹೀಗೆ ಮೊದಲೇ ಊಹಿಸಿ ಕಾಲೂರಲು ಅವನ ಕಣ್ಣಿಗೂ ಹೊತ್ತು ಸಾಲುತ್ತಿರಲಿಲ್ಲ.